ಚರಗದ ಬುತ್ತಿ

ಮನೆಮಂದಿಯೆಲ್ಲ ಕೂಡಿ, ಮನೆಯ ಮಾಡನ್ನು ಬಿಟ್ಟು ಹೊರಟು, ಬಯಲಿನಲ್ಲಿ ಕುಳಿತು ಉಣ್ಣುವ ಊಟಕ್ಕೆ ವಿದ್ಯಾವಂತರಾದ ನಾವು ಪಿಕ್ನಿಕ್ ಎಂಬ ಹೆಸರನ್ನು ಕೊಟ್ಟಿದ್ದೇವೆ. ಈ ಮಾತಿಗೆ ಬಹು ದೀರ್ಘವಾದ ವಂಶಾವಳಿಯೇನೂ ಇಲ್ಲ. ಹದಿನೇಳನೆಯ ಶತಮಾನದ ಕೊನೆಗೆ ಫ್ರೆಂಚರ ನಿಘಂಟಿನಲ್ಲಿ ಅದು ಕಾಣಿಸಿಕೊಂಡಾಗ ಅದಕ್ಕೆ ಬಯಲೂಟವೆಂಬ ಅರ್ಥವಿರಲಿಲ್ಲ. ಪ್ರತಿಯೊಬ್ಬನೂ ತನ್ನ ಪಾಲನ್ನು ತಂದು ಹಾಕಿ ಕೂಡಿ ಉಣ್ಣುವುದೆಂದಷ್ಟೇ ಅದರ ತಾತ್ಪರ್ಯ. ಮುಂದೆ ಅದು ಇಂಗ್ಲೆಂಡನ್ನು ಸೇರಿ, ಹತ್ತೊಂಬತ್ತನೆಯ ಶತಮಾನದಲ್ಲಿ ಹುಲ್ಲುಗಾವಲಿಗೆ ಇಳಿಯಿತು. 1861ರಲ್ಲಿ ಪುಸ್ತಕರೂಪದಲ್ಲಿ ಹೊರಬಂದ ಶ್ರೀಮತಿ ಬೀಟನ್ನರ ಗೃಹಕೃತ್ಯಗ್ರಂಥದಲ್ಲಿ ನಲವತ್ತು ಮಂದಿಯ ಪಿಕ್ನಿಕ್ಕಿಗೆ ಒಯ್ಯಬೇಕಾದ ಸಾಮಗ್ರಿಗಳ ಪಟ್ಟಿಯೊಂದಿದೆ. ಅದನ್ನು ಓದಿದರೆ ಊಟಕ್ಕೆ ಹೊರಟವರೋ ದಂಡಯಾತ್ರೆಗೆ ಹೊರಟವರೋ ಎಂಬ ಸಂಶಯ ಬರುತ್ತದೆ!

ಹೆಸರು ಪರದೇಶದ್ದಾದರೂ ಆ ಸಂಗತಿ ನಮ್ಮಲ್ಲಿ ಹೊಸದಲ್ಲ. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಕಾರ್ತಿಕಮಾಸದಲ್ಲಿ ನೆಲ್ಲಿಯ ಮರದ ಕೆಳಗೆ ವನಭೋಜನ ನಡೆಯುತ್ತದೆ. ಧಾರವಾಡ, ವಿಜಯಪುರಗಳ ಕಡೆ ಸೀಗಿಹುಣ್ಣಿಮೆಯ ದಿವಸ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗುವರು. ಪಾರಸಿಕ ದೇಶದಲ್ಲಿಯೂ ಹೊಸವರ್ಷ ಕಳೆದ ಹದಿಮೂರನೆಯ ದಿನ ಮನೆಯೊಳಗೆ ಇರಬಾರದೆಂದು ಸಂಸಾರಸಮೇತರಾಗಿ ತೋಟ ತೊರೆಗಳ ದಡಕ್ಕೆ ಹೋಗಿ ಉಣ್ಣುವ ಪದ್ಧತಿಯುಂಟು. ಕಲಬುರಗಿ, ಬೀದರ, ಯಾದಗಿರಿ, ರಾಯಚೂರುಗಳನ್ನೊಳಗೊಂಡ ಕನ್ನಡದ ಈಶಾನ್ಯ ಭಾಗದಲ್ಲಿ ಇಂಥ ಊಟದ ದಿವಸ ಎಳ್ಳ ಅಮಾವಾಸ್ಯೆ. ಅದರ ಹೆಸರು ಚರಗ. ತಲೆಮಾರಿನಿಂದ ತಲೆಮಾರಿಗೆ ಬುತ್ತಿಯೊಳಗಿನ ಪದಾರ್ಥ ಹೇಗೆ ಬದಲಾಯಿತೆಂಬುದನ್ನು ಈ ಒಂದು ಊಟವನ್ನು ಹಿಡಿದುಕೊಂಡೇ ವಿಚಾರಿಸೋಣ. ಅದಕ್ಕೆ ನಾವು ಆರಿಸಿಕೊಂಡ ಠಾವು ಶಹಾಪುರದ ಸಮೀಪದ ಭೀಮರಾಯನಗುಡಿ.

ಇದೇ ಊರನ್ನು ಆರಿಸಿಕೊಳ್ಳಲು ಕಾರಣವುಂಟು. ಒಂದು ಕಡೆ ಬುದ್ಧ ಮಲಗಿದಂತೆ ತೋರುವ ಶಹಾಪುರದ ಗುಡ್ಡ, ಇನ್ನೊಂದು ಕಡೆ ನಾಯಕ ಅರಸರ ಸುರಪುರ, ನಡುವೆ ಎರೆಭೂಮಿ. ಮಳೆ ಬಂದರೆ ಬೆಳೆ, ಬಾರದಿದ್ದರೆ ಬರ, ಎಂದು ಬಾಳಿದ ಸೀಮೆ ಇದು. ಕೃಷ್ಣಾ ಮೇಲ್ದಂಡೆ ಯೋಜನೆ ಕೈಗೂಡಿದಾಗ ಅದರ ಕಚೇರಿಗಳೂ ನೌಕರರ ವಸತಿಗಳೂ ಭೀಮರಾಯನಗುಡಿಯಲ್ಲಿ ಎದ್ದವು. ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರವೂ ಕೃಷಿ ಮಹಾವಿದ್ಯಾಲಯವೂ ಬಂದವು. ಗುಡಿಯಿಂದ ಹೆಸರು ಪಡೆದ ಊರು ಕಾಲುವೆಯಿಂದ ಹೆಸರುವಾಸಿಯಾಯಿತು. ಒಣಬೇಸಾಯದ ಅಡುಗೆಯೂ ನೀರಾವರಿಯ ಅಡುಗೆಯೂ, ಹಳ್ಳಿಯ ಬುತ್ತಿಯೂ ಕ್ಯಾಂಪಿನ ಡಬ್ಬಿಯೂ, ಇಷ್ಟು ಹತ್ತಿರ ಹತ್ತಿರ ಕುಳಿತ ಸ್ಥಳಗಳು ನಾಡಿನಲ್ಲಿ ಹೆಚ್ಚಾಗಿಲ್ಲ.

ಚರಗವೆಂದರೇನೆಂಬುದನ್ನು ದಕ್ಷಿಣದ ಕೇಳುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮಾರ್ಗಶಿರ ಬಹುಳ ಅಮಾವಾಸ್ಯೆ, ಎಂದರೆ ಡಿಸೆಂಬರ್ ಕೊನೆ ಇಲ್ಲವೆ ಜನವರಿಯ ಆದಿ. ಆಗ ಹಿಂಗಾರಿಯ ಜೋಳ ಆಳೆತ್ತರಕ್ಕೆ ನಿಂತು ತೆನೆ ಹಿಡಿಯುತ್ತಿರುತ್ತದೆ, ಕಡಲೆ ಕಾಯಿಗಟ್ಟಿರುತ್ತದೆ. ಫಲಹೊತ್ತ ಭೂಮಿಯು ಬಸುರಿ ಹೆಣ್ಣಿನಂತೆ; ಅವಳ ಬಯಕೆಯನ್ನು ತೀರಿಸಬೇಕೆಂಬುದು ಒಕ್ಕಲಿಗನ ಭಾವನೆ. ಬನ್ನಿಯ ಗಿಡದ ಬುಡದಲ್ಲಿಯೋ ಜೋಳದ ದಂಟುಗಳನ್ನು ಕೂಡಿಸಿ ಕಟ್ಟಿದ ಸಣ್ಣ ಗುಡಿಸಲಿನೊಳಗೋ ಐದು ಕಲ್ಲುಗಳನ್ನಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸುವರು. ತಂದ ಅಡುಗೆಯಲ್ಲಿ ಎಲ್ಲವನ್ನೂ ಇಷ್ಟಿಷ್ಟು ತೆಗೆದು ಕಲಸಿ, ಒಬ್ಬನು ಗಟ್ಟಿಯಾಗಿ ಕೂಗುತ್ತ ಹೊಲದ ಸುತ್ತಲೂ ಚೆಲ್ಲುತ್ತ ಹೋಗುವನು. ಇನ್ನೊಬ್ಬನು ನೀರು ಚಿಮುಕಿಸುತ್ತ ಅವನ ಹಿಂದೆ ನಡೆಯುವನು. ಹಕ್ಕಿ, ಇರುವೆ, ಹುಳುಗಳಿಗೆ ಮೊದಲ ಪಂಕ್ತಿ; ಮನುಷ್ಯರಿಗೆ ಎರಡನೆಯದು. ಚರಗವೆಂಬ ಮಾತು ಹೋಮದ ಚರುವನ್ನು ನೆನಪಿಗೆ ತರುತ್ತದೆ. ಆದರೆ ಇಲ್ಲಿ ಬೆಂಕಿಯ ಬದಲು ಮಣ್ಣಿಗೇ ಆಹುತಿ.

ಇನ್ನು ಬುತ್ತಿ. ಎಳ್ಳು ಹಚ್ಚಿ ಬಡಿದ ಸಜ್ಜೆಯ ರೊಟ್ಟಿ, ಬಿಳಿಯ ಜೋಳದ ರೊಟ್ಟಿ, ಮೆತ್ತಗಿನದೊಂದು ಬಗೆ, ಒಣಗಿಸಿದ ಕಟಕ್ ರೊಟ್ಟಿ ಇನ್ನೊಂದು ಬಗೆ, ಸಜ್ಜೆಯ ಕಡುಬು, ಎಣ್ಣೆಗಾಯಿ ಬದನೆ, ಪುಂಡಿಯ ಪಲ್ಲೆ, ಶೇಂಗಾ, ಗುರೆಳ್ಳು, ಅಗಸೆಗಳ ಹಿಂಡಿ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಮಜ್ಜಿಗೆಯಲ್ಲಿ ಹುಳಿಬಂದ ಜೋಳದ ಅಂಬಲಿ, ಅದಕ್ಕೆ ಜೀರಿಗೆ ಬೆಳ್ಳುಳ್ಳಿ. ಇವೆಲ್ಲಕ್ಕೂ ರಾಜನಂತಿರುವುದು ಭಜ್ಜಿ. ಬೆಂಗಳೂರಿನವರು ಈ ಹೆಸರನ್ನು ಕೇಳಿ ಎಣ್ಣೆಯಲ್ಲಿ ಕರಿದ ತಿಂಡಿಯೆಂದು ತಿಳಿಯಬಾರದು. ಇದು ಕಾಯಿ, ಕಾಳು, ಸೊಪ್ಪುಗಳೆಲ್ಲ ಒಂದೇ ಗಡಿಗೆಯಲ್ಲಿ ಬೆಂದ ಪಲ್ಲೆ. ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತೆ, ಚುಕ್ಕೆಸೊಪ್ಪು, ಹುಣಿಸೆ, ಮೆಣಸಿನಕಾಯಿ, ಮೇಲೆ ಕಡಲೆಹಿಟ್ಟು. ಇಷ್ಟೇ ಎಂದು ಲೆಕ್ಕ ಹೇಳಲಾಗದು. ಆ ಸಲ ಹೊಲದಲ್ಲಿ ಏನಿದೆಯೋ ಅದೆಲ್ಲವೂ ಭಜ್ಜಿಯಲ್ಲಿರತಕ್ಕದ್ದು. ಹಳೆಯ ಒಕ್ಕಲುತನದಲ್ಲಿ ಜೋಳದ ನಡುನಡುವೆ ಅಕ್ಕಡಿಯ ಸಾಲುಗಳನ್ನು ಬಿತ್ತುತ್ತಿದ್ದರು. ಅಲ್ಲೊಂದು ಸಾಲು ತೊಗರಿ, ಇಲ್ಲೊಂದು ಸಾಲು ಕುಸುಬೆ, ಬದುವಿನ ಮೇಲೆ ಪುಂಡಿ, ಮೂಲೆಯಲ್ಲಿ ಒಂದಿಷ್ಟು ಎಳ್ಳು. ಆ ಹೊಲದ ನಕ್ಷೆಯನ್ನು ಬರೆಯಬೇಕಾದರೆ ಭಜ್ಜಿಯ ಗಡಿಗೆಯನ್ನು ಇಣಿಕಿ ನೋಡಿದರೆ ಸಾಕಾಗುತ್ತಿತ್ತು. ನಮ್ಮ ವಿಷಯಕ್ಕೆ ಇದು ಮುಖ್ಯವಾದ ಅಂಶವಾದುದರಿಂದ ಕೇಳುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇಂಥ ಊಟವನ್ನು ಕಂಡಕೂಡಲೆ ಇದು ಅನಾದಿಯಿಂದ ಹೀಗೆಯೇ ಬಂದಿದೆಯೆಂದು ಹೇಳುವ ಚಪಲ ನಮಗೆಲ್ಲ ಉಂಟು. ಇತಿಹಾಸವು ಅದನ್ನು ಒಪ್ಪುವುದಿಲ್ಲ. ಸುರಪುರ ಸೀಮೆಯಲ್ಲಿ ಬೂದಿಹಾಳವೆಂಬ ಊರಿದೆ. ಅಲ್ಲಿ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳ ಬೂದಿದಿಬ್ಬವೊಂದನ್ನು ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಕ್ತನಜ್ಞರಾದ ಕೆ. ಪದ್ದಯ್ಯನವರು 1990ರ ದಶಕದಲ್ಲಿ ಅಗೆದು ನೋಡಿದರು. ದನಗಳನ್ನು ಕೊಯ್ದು ಹಂಚಿಕೊಂಡ ನೆಲವೂ, ಅದರ ಮೇಲೆ ಹರಡಿದ್ದ ಎಲುಬುಗಳೂ ಕಲ್ಲಿನ ಅಲಗುಗಳೂ ಅಲ್ಲಿ ದೊರೆತವು. ಒಂದು ಮನೆಗೆ ಬೇಕಾದುದಕ್ಕಿಂತ ಬಹಳ ಹೆಚ್ಚಿನ ಅಡುಗೆಯ ಗುರುತು ಅದು. ಬಯಲಿನಲ್ಲಿ ಬಹುಜನರು ನೆರೆದು ಉಂಡ ಊಟದ ಕುರುಹೆಂದು ತಿಳಿಯಬೇಕಾಗಿದೆ. ಭೀಮರಾಯನಗುಡಿಯ ಸುತ್ತಿನ ಬಯಲೂಟಗಳಲ್ಲಿ ನಮಗೆ ಗೊತ್ತಿರುವ ಅತ್ಯಂತ ಹಳೆಯದು ಇದೇ ಎನ್ನಬಹುದು. ಅಂದು ಅಲ್ಲಿ ರೊಟ್ಟಿಯಿರಲಿಲ್ಲ. ದಕ್ಷಿಣದ ನವಶಿಲಾಯುಗದ ಜನರು ಮೊದಲು ಬೆಳೆದುದು ಹುರುಳಿ, ಹೆಸರು ಮತ್ತು ಕೊರಲೆಯಂಥ ಕಿರುಧಾನ್ಯಗಳನ್ನು. ನಾವು ನೆಲದ ಮಕ್ಕಳೆಂದು ಎಣಿಸುವ ಜೋಳ ಸಜ್ಜೆಗಳು ಆಮೇಲೆ ಆಫ್ರಿಕದಿಂದ ಬಂದ ನೆಂಟರು.

ಅಲ್ಲಿಂದ ಮೂರು ಸಾವಿರ ವರ್ಷಗಳನ್ನು ಒಂದೇ ನೆಗೆತಕ್ಕೆ ದಾಟಿದರೆ ಕಲ್ಯಾಣದ ಚಾಲುಕ್ಯರ ಕಾಲ. ಅವರ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನ ಕನ್ನಡ ಗ್ರಂಥ ಲೋಕೋಪಕಾರದಲ್ಲಿ ಪಾಕದ ಪ್ರಕರಣವಿದೆ; ಅದರ ಕಾಲ ಸುಮಾರು 1025. ಅದಕ್ಕೆ ನೂರು ವರ್ಷಗಳ ತರುವಾಯ ಮೂರನೆಯ ಸೋಮೇಶ್ವರನೇ ರಚಿಸಿದ ಮಾನಸೋಲ್ಲಾಸದಲ್ಲಿ ಅನ್ನಭೋಗದ ವಿಸ್ತಾರವಾದ ವರ್ಣನೆಯಿದೆ. ಅದರಲ್ಲಿಯೇ ಅರಸನ ಇಪ್ಪತ್ತು ಕ್ರೀಡೆಗಳನ್ನು ಎಣಿಸುವಾಗ ವನಕ್ರೀಡೆಯ ಜೊತೆಗೆ ಸಸ್ಯಕ್ರೀಡೆ ಎಂಬುದೊಂದು ಬರುತ್ತದೆ. ಎಂದರೆ ಪೈರಿನ ನಡುವಣ ವಿಹಾರ. ಬೆಳೆದು ನಿಂತ ಹೊಲವನ್ನೇ ಸಂತೋಷದ ಸ್ಥಳವೆಂದು ಕಲ್ಯಾಣದ ದೊರೆಯು ಬಗೆದನೆಂಬುದು ನಮಗೆ ಬಹಳ ಅರ್ಥವತ್ತಾಗಿ ತೋರುತ್ತದೆ. ಆತನದು ವಿನೋದ, ಒಕ್ಕಲಿಗನದು ವ್ರತ; ಹೊಲ ಮಾತ್ರ ಒಂದೇ.

ಆದರೆ ಆ ದೊರೆಯನ್ನು ಇಂದಿನ ಚರಗಕ್ಕೆ ಕರೆತಂದು ಕೂರಿಸಿದರೆ ಆತನು ಬೆರಗಾಗುವ ಪದಾರ್ಥಗಳು ಎರಡಾದರೂ ಇವೆ. ಒಂದು ಕೆಂಪು ಖಾರ. ಅಂದಿನ ಅಡುಗೆಯಲ್ಲಿ ಖಾರಕ್ಕೆ ಕರಿಮೆಣಸು, ಶುಂಠಿಗಳು. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನ ಹಿಂದೆ ಬಂದದ್ದು. ಇನ್ನೊಂದು ಶೇಂಗಾ. ಅದೂ ದಕ್ಷಿಣ ಅಮೆರಿಕದ ಬೆಳೆ. ನಮ್ಮ ಬಯಲುಸೀಮೆಯಲ್ಲಿ ಅದು ವ್ಯಾಪಿಸಿದ್ದು ಹತ್ತೊಂಬತ್ತು, ಇಪ್ಪತ್ತನೆಯ ಶತಮಾನಗಳಲ್ಲಿ. ಸುಮಾರು 1508ರಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಕನ್ನಡದಲ್ಲಿ ಬರೆದಾಗಲೂ ಈ ಎರಡರ ಸುಳಿವು ಅಡುಗೆಮನೆಯಲ್ಲಿರಲಿಲ್ಲ. ಶೇಂಗಾ ಹೋಳಿಗೆಯಿಲ್ಲದ ಚರಗ ಚರಗವೇ ಅಲ್ಲವೆಂದು ಹೇಳುವ ಮುದುಕಿಯ ಮುತ್ತಜ್ಜಿಯು ಬಹುಶಃ ಎಳ್ಳು ಹೋಳಿಗೆಯೊಂದನ್ನೇ ಕಟ್ಟಿಕೊಂಡು ಹೋಗಿದ್ದಿರಬೇಕು. ಹಬ್ಬವು ಎಳ್ಳಿನ ಹೆಸರನ್ನು ಹೊತ್ತಿರುವುದು ವೃಥಾ ಅಲ್ಲ. ಎಳ್ಳು ಈ ನೆಲದ ಹಳೆಯ ಕಾಳು.

ಈಗ ನೆನಪಿಗೆ ನಿಲುಕುವ ತಲೆಮಾರುಗಳಿಗೆ ಬರೋಣ. ಅಜ್ಜಂದಿರ ಕಾಲವೆಂದರೆ ನಿಜಾಮರ ಕಾಲ. ಸುರಪುರ ಸಂಸ್ಥಾನವು 1858ರಲ್ಲಿ ರಾಜಾ ವೆಂಕಟಪ್ಪ ನಾಯಕನೊಂದಿಗೆ ಮುಗಿದು, ಸ್ವಲ್ಪ ಕಾಲದಲ್ಲಿಯೇ ಹೈದರಾಬಾದಿಗೆ ಸೇರಿತು; 1948ರ ಸೆಪ್ಟೆಂಬರಿನವರೆಗೆ ಹಾಗೆಯೇ ಉಳಿಯಿತು. ಕಚೇರಿಯ ಮಾತು ಉರ್ದು, ಹೊಲದ ಮಾತು ಕನ್ನಡ. ಅಂದಿನ ಚರಗಕ್ಕೆ ಸಿದ್ಧತೆ ನಾಲ್ಕೈದು ದಿವಸ ಮೊದಲೇ ಆರಂಭ. ಬೀಸುವ ಕಲ್ಲಿನ ಮುಂದೆ ಹೆಂಗಸರು ನಸುಕಿಗಿಂತ ಮುಂಚೆ ಕುಳಿತು ಸಜ್ಜೆ ಜೋಳಗಳನ್ನು ಬೀಸುವರು. ರೊಟ್ಟಿಗಳನ್ನು ಬಡಿದು ಒಣಗಿಸಿ ಹೆಡಿಗೆಗಳಲ್ಲಿ ಅಟ್ಟಿ ಕಟ್ಟಿಡುವರು. ಎಣ್ಣೆ ಗಾಣದ್ದು, ಹೆಚ್ಚಾಗಿ ಕುಸುಬೆಯದು. ಸಿಹಿಗೆ ಬೆಲ್ಲವೊಂದೇ. ಎತ್ತುಗಳ ಕೊರಳಿಗೆ ಗೆಜ್ಜೆ, ಬಂಡಿಗೆ ಜಮಖಾನೆ, ಕುಡಿಯುವ ನೀರಿಗೆ ಮಣ್ಣಿನ ತತ್ರಾಣಿ. ಉಣ್ಣುವುದು ಮುತ್ತಲದ ಎಲೆಯ ಮೇಲೆ. ಉಂಡಾದ ಮೇಲೆ ಅದು ಎತ್ತಿನ ಬಾಯಿಗೋ ತಿಪ್ಪೆಗೋ ಹೋಗುತ್ತಿತ್ತು. ಊಟವಾದ ತರುವಾಯ ಹಸಿ ಕಡಲೆಯ ಸುಲಗಾಯಿಯನ್ನು ಬೆಂಕಿಯಲ್ಲಿ ಸುಟ್ಟು ತಿನ್ನುವುದು. ಜೋಳ ಮುಂಚಿತವಾಗಿ ಹಾಲುಗಟ್ಟಿದ್ದರೆ ಸೀತನಿ.

ಅನ್ನದ ವಿಷಯ ಏನೆಂದು ಕೇಳಬಹುದು. ಅಕ್ಕಿ ಆ ಕಾಲದಲ್ಲಿ ದುರ್ಲಭವಾದ ವಸ್ತು. ಅಂಬಲಿಯಲ್ಲಿ ಜೋಳದ ನುಚ್ಚೇ ಅನ್ನದ ಸ್ಥಾನವನ್ನು ಹಿಡಿಯುತ್ತಿತ್ತು. ಉಳ್ಳವರ ಬುತ್ತಿಯಲ್ಲಿ ಒಂದು ಸಣ್ಣ ಪಾತ್ರೆ ಮೊಸರು ಬಾನ ಇದ್ದರೆ ಅದು ಮನೆತನದ ಅಂತಸ್ತಿನ ಗುರುತು. ಶಹಾಪುರದ ಹತ್ತಿರ ಗೋಗಿಯಲ್ಲಿ ಮೊದಲ ಆದಿಲ್ ಶಾಹಿ ಸುಲ್ತಾನರ ಸಮಾಧಿಗಳೂ ಚಂದಾ ಹುಸೇನಿಯವರ ದರ್ಗಾವೂ ಇವೆ. ದರ್ಗಾದ ಉರುಸುಗಳಿಗೆ ಸಂಸಾರಸಮೇತ ಹೋದವರು ಬಯಲಿನಲ್ಲಿಯೇ ಒಲೆ ಹೂಡಿ ಬೇಯಿಸುವ ಅನ್ನವೂ ಮಲೀದವೂ ಈ ಸೀಮೆಯ ಎಲ್ಲ ಜಾತಿಯವರ ನಾಲಗೆಗೂ ಪರಿಚಿತವಾದುವು. ಬುತ್ತಿ ಕಟ್ಟಿಕೊಂಡು ಹೋಗಿ ಉಣ್ಣುವುದು ಒಂದು ರೀತಿ, ಹೋದಲ್ಲಿ ಬೇಯಿಸಿ ಉಣ್ಣುವುದು ಇನ್ನೊಂದು ರೀತಿ. ಎರಡೂ ಇಲ್ಲಿ ಬಹುಕಾಲದಿಂದ ನಡೆದಿವೆ.

ಅಜ್ಜಂದಿರ ಚರಗವನ್ನು ಹೀಗೆ ವರ್ಣಿಸಿದ ಮಾತ್ರಕ್ಕೆ ಅದನ್ನು ಸ್ವರ್ಗವೆಂದು ಭಾವಿಸುವಂತಿಲ್ಲ. ಹೊಲವಿದ್ದವರಿಗೆ ಚರಗ, ಹೊಲವಿಲ್ಲದವರಿಗೆ ಕರೆ. ವರ್ಷವಿಡೀ ಅದೇ ಹೊಲದಲ್ಲಿ ಕಳೆ ಕಿತ್ತವನೂ ಕೊಯ್ದವಳೂ ಆ ದಿವಸ ಒಡೆಯರ ಕರೆಯ ಮೇರೆಗೆ ಬಂದು ಉಣ್ಣುವರು. ಊರಿನಲ್ಲಿ ಯಾರನ್ನೂ ಕರೆಯದೆ ಉಂಡರೆ ಚರಗ ಫಲಿಸದೆಂಬ ನಂಬಿಕೆಯು ಬಡವನಿಗೆ ಒಂದು ದಿನದ ಹೊಟ್ಟೆತುಂಬ ಹೋಳಿಗೆಯನ್ನು ಒದಗಿಸಿತೆಂಬುದು ನಿಜ. ಆದರೆ ಪಂಕ್ತಿಗಳು ಬೇರೆ ಬೇರೆಯಾಗಿದ್ದುವೆಂಬುದೂ ಅಷ್ಟೇ ನಿಜ. ಭೂಮಿತಾಯಿಗೆ ಎಲ್ಲವನ್ನೂ ಕಲಸಿ ಚೆಲ್ಲಿದವರು ಉಣ್ಣುವಾಗ ಮಾತ್ರ ಕಲೆಯದೆ ಕುಳಿತರು. ಹಳೆಯ ಕಾಲದ ಸೊಗಸನ್ನು ಹೇಳುವವರು ಈ ಮಾತನ್ನು ನುಂಗಿಬಿಡುವುದುಂಟು.

ತಂದೆಯವರ ತಲೆಮಾರಿನ ಬುತ್ತಿ ಅಷ್ಟು ಬೇಗ ಬದಲಾಗಲಿಲ್ಲ; ಅದರ ಸುತ್ತಲಿನ ಪ್ರಪಂಚ ಬದಲಾಯಿತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲನ್ನು ಮೂಲೆಗೆ ಸರಿಸಿತು. ಈ ಒಂದು ಯಂತ್ರದಿಂದ ನಮ್ಮ ಹೆಣ್ಣುಮಕ್ಕಳಿಗಾದ ಉಪಕಾರವನ್ನು ಯಾವ ಇತಿಹಾಸಕಾರನೂ ಸಾಕಷ್ಟು ಹೊಗಳಿಲ್ಲ. 1960ರ ದಶಕದ ಬರದ ವರ್ಷಗಳಲ್ಲಿ ಅಮೆರಿಕದಿಂದ ಕೆಂಪು ಜೋಳ ಬಂತು. ಹಸಿವೆಯನ್ನು ತಣಿಸಿತು, ನಾಲಗೆಯನ್ನು ತಣಿಸಲಿಲ್ಲ. 1964ರಲ್ಲಿ ಜೋಳದ ಮೊದಲ ಸಂಕರ ತಳಿ ಹೊರಬಂತು. ಗಿಡ ಗಿಡ್ಡ, ಇಳುವರಿ ಹೆಚ್ಚು. ಕಣಿಕೆ ಕಡಿಮೆ, ರೊಟ್ಟಿಯ ರುಚಿಯೂ ಅಷ್ಟಕ್ಕಷ್ಟೆ. ಮುಂಗಾರಿಗೆ ಅದನ್ನು ಒಪ್ಪಿದ ಒಕ್ಕಲಿಗನು ಹಿಂಗಾರಿಯ ಎರೆಹೊಲದಲ್ಲಿ ಮಾಲದಂಡಿಯನ್ನೇ ಹಿಡಿದು ನಿಂತನು. ಚರಗದ ದಿವಸ ಆಳೆತ್ತರದ ಪೈರು ಕಣ್ಣಿಗೆ ಬೀಳುತ್ತಿದ್ದರೆ ಆ ಹಟವೇ ಕಾರಣ. 1972ರ ಬರದಲ್ಲಿ ಪೈರೇ ಇಲ್ಲದ ಹೊಲಗಳಿಗೂ ಜನ ಚರಗ ಒಯ್ದಿರಬೇಕು. ಏಕೆಂದರೆ ಈ ವ್ರತ ಬೆಳೆಗೆ ಮಾತ್ರವಲ್ಲದೆ ಬೆಳೆಯ ಆಸೆಗೂ ಸಂಬಂಧಿಸಿದ್ದು.

ಚಹವೂ ಈ ಕಾಲದಲ್ಲಿಯೇ ಹೊಲವನ್ನು ಹೊಕ್ಕಿತು. 1903ರ ಸುಂಕದ ಕಾನೂನಿನಿಂದ ಕೂಡಿದ ಹಣದಲ್ಲಿ ಚಹದ ವ್ಯಾಪಾರಿಗಳು 1930ರ ದಶಕದಲ್ಲಿ ದೇಶದಾದ್ಯಂತ ಪ್ರಚಾರ ನಡೆಸಿ ಭಾರತೀಯರಿಗೆ ಚಹ ಕುಡಿಯುವುದನ್ನು ಕಲಿಸಿದರು. ಅದರ ಫಲ ಹಳ್ಳಿಯ ಹೊಲಕ್ಕೆ ತಲಪಲು ಇನ್ನೊಂದು ತಲೆಮಾರು ಹಿಡಿಯಿತು. ಅಂಬಲಿಯ ಗಡಿಗೆಯ ಪಕ್ಕದಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಚಹದ ಪಾತ್ರೆ ಕುಳಿತುದು ಸಣ್ಣ ಸಂಗತಿಯಲ್ಲ. ಚಹಕ್ಕೆ ಸಕ್ಕರೆ ಬೇಕು. ಸಕ್ಕರೆ ಅಂಗಡಿಯಿಂದ ಬರಬೇಕು. ಬುತ್ತಿಯಲ್ಲಿ ಅಂಗಡಿಯ ಪಾಲು ಹೀಗೆ ಮೊದಲಾಯಿತು.

ನಿಜವಾದ ತಿರುವು ನೀರಿನೊಂದಿಗೆ ಬಂತು. ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಶಂಕುಸ್ಥಾಪನೆ ಮಾಡಿದ ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿಯಿತು. ಹತ್ತು ಕಿಲೋಮೀಟರಿಗೂ ಮೀರಿದ ಉದ್ದದ ಆ ಕಟ್ಟೆಗೆ ಬಸವಸಾಗರವೆಂದು ಹೆಸರಿಟ್ಟರು. ಅದರ ಎಡದಂಡೆಯ ಕಾಲುವೆಯೂ ಶಹಾಪುರದ ಶಾಖಾಕಾಲುವೆಯೂ ಎರೆಭೂಮಿಗೆ ಕೃಷ್ಣೆಯನ್ನು ತಂದುವು. ಯೋಜನೆಯನ್ನು ರಚಿಸಿದವರು ಈ ನೀರನ್ನು ಜೋಳ, ಶೇಂಗಾ, ಹತ್ತಿಗಳಂಥ ಅರೆನೀರಾವರಿಯ ಬೆಳೆಗಳಿಗೆಂದು ಎಣಿಸಿದ್ದರು. ಆದರೆ ಕಾಲುವೆಯ ನೀರು ಕಂಡ ರೈತನು ಬತ್ತದ ಕಡೆ ತಿರುಗಿದನು. ಕರಾವಳಿ ಆಂಧ್ರದಿಂದ ಬಂದು ನೆಲೆಸಿದ ಬೇಸಾಯಗಾರರ ಕ್ಯಾಂಪುಗಳು ಅವನಿಗೆ ದಾರಿ ತೋರಿದುವು. ಕಾಲುವೆಯ ಮೇಲ್ಭಾಗದವರಿಗೆ ಬತ್ತ, ಕೊನೆಯವರಿಗೆ ನೀರಿನ ಹಂಬಲ. ಕೆಲವೆಡೆ ನೀರು ನಿಂತು ನೆಲ ಸವಳಾಯಿತು. ಇದೆಲ್ಲ ಎಂಜಿನಿಯರುಗಳ ವಾದದ ವಿಷಯ. ನಮ್ಮ ವಿಷಯ ಬುತ್ತಿ. ಬತ್ತದ ಗದ್ದೆಯಲ್ಲಿ ಅಕ್ಕಡಿಯ ಸಾಲಿಗೆ ಸ್ಥಳವಿಲ್ಲ. ತೊಗರಿಯಿಲ್ಲ, ಪುಂಡಿಯಿಲ್ಲ, ಕುಸುಬೆಯಿಲ್ಲ, ಎಳ್ಳಿನ ಮೂಲೆಯೂ ಇಲ್ಲ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಮುಂಗಾರಿನ ಬತ್ತ ಕೊಯ್ದು ಹೋಗಿ ಕೂಳೆ ಉಳಿದಿರುತ್ತದೆ. ಬಸುರಿಗೆ ಬಯಕೆ ತೀರಿಸಲು ಹೋದವರಿಗೆ ಹೆರಿಗೆಯಾದ ಮನೆ ಎದುರಾದಂತೆ! ಆದರೂ ಜನ ಹೋಗುತ್ತಾರೆ, ಭಜ್ಜಿಯನ್ನೂ ಒಯ್ಯುತ್ತಾರೆ. ಆದರೆ ಅದರ ಕಾಯಿ, ಕಾಳು, ಸೊಪ್ಪುಗಳು ಸಂತೆಯಿಂದ ಬಂದವು. ಹೊಲದ ನಕ್ಷೆಯಾಗಿದ್ದ ಭಜ್ಜಿ ಈಗ ಸಂತೆಯ ನಕ್ಷೆ. ರುಚಿ ಹಾಗೆಯೇ ಇದ್ದೀತು. ಆದರೆ ಹೊಲದ್ದನ್ನೇ ಹೊಲಕ್ಕೆ ಅರ್ಪಿಸುವ ಮಾತಿನ ಅರ್ಥ ಅಲ್ಲಿ ಸಡಿಲವಾಯಿತು.

ಕಾಲುವೆಯ ಜೊತೆಗೆ ಮನುಷ್ಯರೂ ಬಂದರು. ಎಂಜಿನಿಯರು, ಗುಮಾಸ್ತರು, ಮೇಸ್ತ್ರಿಗಳು, ಉಪಾಧ್ಯಾಯರು ಬೇರೆ ಬೇರೆ ಜಿಲ್ಲೆಗಳಿಂದ ಬಂದು ಭೀಮರಾಯನಗುಡಿಯ ವಸತಿಗಳಲ್ಲಿ ಸಂಸಾರ ಹೂಡಿದರು. ಅವರಿಗೆ ಹೊಲವಿಲ್ಲ. ಆದಿತ್ಯವಾರ ಬಂದರೆ ಅಣೆಕಟ್ಟು ನೋಡಲು, ಇಲ್ಲವೆ ಕೃಷ್ಣೆಯ ದಡದ ಛಾಯಾ ಭಗವತಿಗೆ ಹೋಗಲು ಹೊರಡುವರು. ಅವರ ಡಬ್ಬಿಯಲ್ಲಿ ಚಿತ್ರಾನ್ನ, ಹುಳಿಯನ್ನ, ಮೊಸರನ್ನ. ಇಲ್ಲಿ ಒಂದು ವಿನೋದವಿದೆ. ದಕ್ಷಿಣದವರಿಗೆ ಬುತ್ತಿಯೆಂದರೆ ಕಲಸಿದ ಅನ್ನ, ಅದೂ ಅದೇ ದಿನ ಉಣ್ಣತಕ್ಕದ್ದು. ಇಲ್ಲಿಯವರಿಗೆ ಬುತ್ತಿಯೆಂದರೆ ಒಂದು ತಿಂಗಳಿಟ್ಟರೂ ಕೆಡದ ರೊಟ್ಟಿ. ನೀರಿನ ನಾಡಿನ ಬುತ್ತಿಗೂ ನೀರಿಲ್ಲದ ನಾಡಿನ ಬುತ್ತಿಗೂ ಇರುವ ವ್ಯತ್ಯಾಸ ಇದೊಂದರಿಂದ ತಿಳಿಯುತ್ತದೆ. ಒಂದೇ ಓಣಿಯಲ್ಲಿ ನೆರೆಹೊರೆಯಾದ ಮೇಲೆ ಈ ಎರಡು ಬುತ್ತಿಗಳು ಎಷ್ಟು ದಿವಸ ದೂರವಿರಲಾದೀತು? ಹುಳಿಯನ್ನದ ಪಕ್ಕಕ್ಕೆ ಶೇಂಗಾ ಹಿಂಡಿ ಬಂತು. ಚರಗದ ಹೆಡಿಗೆಯೊಳಗೆ ಚಿತ್ರಾನ್ನ ಕಾಲಿಟ್ಟಿತು. ಹೊತ್ತಿಲ್ಲದವರಿಗೆ ಹುಡಿಯ ಪೊಟ್ಟಣವೂ ಒದಗಿತು. 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲಾಗಿ ಹುಟ್ಟಿದ ಎಂ.ಟಿ.ಆರ್., 1970ರ ದಶಕದ ತುರ್ತುಪರಿಸ್ಥಿತಿಯ ಕಾಲದಿಂದ ಸಿದ್ಧಹುಡಿಗಳ ವ್ಯಾಪಾರಕ್ಕೆ ಇಳಿದು, ಅಜ್ಜಿಯ ಗೊಜ್ಜನ್ನು ಕಾಗದದ ಚೀಲಕ್ಕೆ ತುಂಬಿತು.

ಇನ್ನು ಈಗಿನ ತಲೆಮಾರು. ಬಂಡಿಯ ಸ್ಥಾನದಲ್ಲಿ ಟ್ರ್ಯಾಕ್ಟರ್, ಟಂಟಂ, ಕಾರುಗಳು. ತತ್ರಾಣಿಯ ಸ್ಥಾನದಲ್ಲಿ ನೀರಿನ ಶೀಷೆ. 1977ರಲ್ಲಿ ಕೋಕಾಕೋಲ ದೇಶ ಬಿಟ್ಟುಹೋದಾಗ ಹುಟ್ಟಿದ ಥಮ್ಸ್ ಅಪ್ ಪಾನಕವೂ, 1993ರಲ್ಲಿ ಮರಳಿ ಬಂದ ಕೋಕಾಕೋಲವೂ ಅಂಬಲಿಯ ಮಗ್ಗುಲಲ್ಲಿ ಸಂಕೋಚವಿಲ್ಲದೆ ಕುಳಿತಿವೆ. ಮುತ್ತಲದ ಎಲೆ ಹೋಗಿ ಉಕ್ಕಿನ ತಟ್ಟೆ ಬಂತು. ಅದು ಹೋಗಿ ಎಸೆಯುವ ತಟ್ಟೆ ಬಂತು. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಾಮಾನುಗಳನ್ನು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧಿಸಲಾಗಿದೆ. ಆದರೆ ಅಮಾವಾಸ್ಯೆಯ ಮರುದಿವಸ ಬದುಗಳ ಮೇಲೆ ನಡೆದವರಿಗೆ ಕಾನೂನಿಗೂ ಹೊಲಕ್ಕೂ ನಡುವಣ ದೂರ ಕಾಲಿಗೆ ತಗಲುತ್ತದೆ. ಭೂಮಿಗೆ ಬಯಕೆಯೂಟ ಬಡಿಸಿ ಅವಳ ಮಡಿಲಿಗೇ ಈ ಕಸವನ್ನು ಸುರಿದು ಬರುವುದು ನಮಗೆ ಸರಿಯಾಗಿ ಕಾಣುವುದಿಲ್ಲ.

ಅಕ್ಕಿಯ ಮಾತನ್ನು ಇಲ್ಲಿ ಮತ್ತೆ ಎತ್ತಬೇಕು. 2013ರಲ್ಲಿ ಕರ್ನಾಟಕ ಸರಕಾರವು ಅನ್ನಭಾಗ್ಯ ಯೋಜನೆಯನ್ನು ತಂದು, ಬಡಕುಟುಂಬಗಳಿಗೆ ಕಿಲೋ ಒಂದಕ್ಕೆ 1 ರೂಪಾಯಿಯಂತೆ ತಿಂಗಳಿಗೆ 30 ಕಿಲೋವರೆಗೆ ಅಕ್ಕಿ ಕೊಡಲಾರಂಭಿಸಿತು. ಒಡೆಯರ ಮನೆಯ ಅಂತಸ್ತಿನ ಗುರುತಾಗಿದ್ದ ಬಿಳಿಯ ಅನ್ನ ಕೂಲಿಕಾರರ ದಿನನಿತ್ಯದ ಊಟವಾಯಿತು. ಅವರ ದಿನನಿತ್ಯದ ಊಟವಾಗಿದ್ದ ಜೋಳದ ರೊಟ್ಟಿ ಬೆಲೆಯೇರಿ ಉಳ್ಳವರ ಪಾಲಾಗತೊಡಗಿತು. ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದ ಮೇಲಂತೂ ಸಜ್ಜೆಯ ರೊಟ್ಟಿಗೆ ಬೆಂಗಳೂರಿನ ವೈದ್ಯರ ಶಿಫಾರಸೂ ದೊರೆತಿದೆ. ನೂರು ವರ್ಷಗಳೊಳಗೆ ಬಡವನ ಬುತ್ತಿಯೂ ಶ್ರೀಮಂತನ ಬುತ್ತಿಯೂ ತಮ್ಮ ತಮ್ಮ ಜಾಗವನ್ನು ಅದಲುಬದಲು ಮಾಡಿಕೊಂಡುವು. ಅಕ್ಕಿಯನ್ನು ಹೀನವೆಂದು ಜರೆಯುವ ಹಕ್ಕು ಹಸಿದು ತಿಳಿಯದವರಿಗೆ ಇಲ್ಲ. ಆದರೆ ಚರಗಕ್ಕೆ ಕರೆಯುವ ಮಾತು ಮಾತ್ರ ಇದರಿಂದ ಬದಲಾಗಿದೆ. ಹೋಳಿಗೆಯ ಆಸೆಗೆ ಒಡೆಯರ ಹೊಲಕ್ಕೆ ಹೋಗಬೇಕಾದ ಅವಶ್ಯಕತೆ ಈಗ ಅಷ್ಟಾಗಿ ಇಲ್ಲ; ಬಂದವನು ನೆಂಟನಂತೆ ಬರುತ್ತಾನೆ, ಇಲ್ಲವೆ ಬರುವುದೇ ಇಲ್ಲ. ಪಂಕ್ತಿಯೂ ಹಲವೆಡೆ ಒಂದಾಗಿದೆ. ಬುತ್ತಿಯ ಇತಿಹಾಸದಲ್ಲಿ ಇಷ್ಟೊಂದು ನಷ್ಟಗಳನ್ನು ಎಣಿಸಿದ ನಾವು ಈ ಲಾಭವನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಬೇಕು.

ಬಾರದಿರುವುದಕ್ಕೆ ಇನ್ನೊಂದು ಕಾರಣ ಗುಳೆ. ಕಾಲುವೆ ತಲಪದ ಊರುಗಳಿಂದ, ತಲಪಿದ ಊರುಗಳ ಭೂಮಿಯಿಲ್ಲದ ಕೇರಿಗಳಿಂದ, ಸುಗ್ಗಿ ಮುಗಿಯುತ್ತಲೆ ಸಂಸಾರಗಳು ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡದ ಕೆಲಸಕ್ಕೆ ಹೋಗುತ್ತವೆ. ಯಾದಗಿರಿಯು 2010ರಲ್ಲಿ ಪ್ರತ್ಯೇಕ ಜಿಲ್ಲೆಯಾದರೂ ಈ ಹರಿವು ನಿಂತಿಲ್ಲ. ಓದಿದ ಮಕ್ಕಳದು ಇನ್ನೊಂದು ಬಗೆಯ ಗುಳೆ. ಅವರು ಕಚೇರಿಗಳಿಗೆ ಹೋಗುತ್ತಾರೆ. ಮನೆಯಲ್ಲಿ ಉಳಿದ ಮುದುಕಿಗೆ ನೂರು ರೊಟ್ಟಿ ಬಡಿಯುವ ಶಕ್ತಿಯಿಲ್ಲ. ಸೊಸೆಗೆ ಹೊತ್ತಿಲ್ಲ, ಕೆಲವರಿಗೆ ಬಾರದು ಸಹ. ಆದುದರಿಂದ ಪಟ್ಟಣಗಳಲ್ಲಿ ರೊಟ್ಟಿ ಕೇಂದ್ರಗಳು ಎದ್ದಿವೆ. ಹೆಂಗಸರೇ ಗುಂಪಾಗಿ ಸೇರಿ ಬಡಿದು ಮಾರುತ್ತಾರೆ. ಇದನ್ನು ಕಂಡು ಮೂಗು ಮುರಿಯುವ ಗಂಡಸರನ್ನು ನಾವು ಬಲ್ಲೆವು. ಕೈಯ ರೊಟ್ಟಿ ಬೇಕು, ಆ ಕೈ ತಮ್ಮ ಮನೆಯದೇ ಆಗಿರಬೇಕು, ಅದಕ್ಕೆ ಕೂಲಿ ಮಾತ್ರ ಇರಬಾರದು ಎಂಬುದು ಅವರ ವಾದ. ಬಡಿದ ರೊಟ್ಟಿಗೆ ಹಣ ಸಿಕ್ಕುವುದು ಈ ಸೀಮೆಯ ಹೆಣ್ಣಿನ ಚರಿತ್ರೆಯಲ್ಲಿ ಇದೇ ಮೊದಲೆಂಬುದನ್ನು ಅವರು ಯೋಚಿಸಬೇಕು.

ಚರಗ ಮುಗಿದ ಸಾಯಂಕಾಲ ಉಳಿದ ಅಡುಗೆಯನ್ನು ಹಂಚುವ ಪದ್ಧತಿ ಹಿಂದಿನಿಂದಲೂ ಉಂಟು. ಹೊಲಕ್ಕೆ ಬರಲಾರದ ಮುದುಕರಿಗೆ, ಬಾಣಂತಿಯರಿಗೆ, ನೆರೆಯವರಿಗೆ ಒಂದೊಂದು ಪಾಲು. ಈಗ ಅದರಲ್ಲಿ ಇನ್ನೊಂದು ಪಾಲು ಸೇರಿಕೊಂಡಿದೆ. ಮುಂಬಯಿಯಿಂದ ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಗಾಡಿ ಯಾದಗಿರಿಯಲ್ಲಿ ನಿಲ್ಲುತ್ತದೆ. ಅಮಾವಾಸ್ಯೆ ಕಳೆದು ಮರಳುವ ಮಕ್ಕಳ ಚೀಲಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಕಟಕ್ ರೊಟ್ಟಿಯ ಕಟ್ಟು, ಗುರೆಳ್ಳು ಹಿಂಡಿಯ ಡಬ್ಬಿ, ನಾಲ್ಕಾರು ಎಳ್ಳು ಹೋಳಿಗೆ. ಭಜ್ಜಿಯನ್ನು ಮಾತ್ರ ಒಯ್ಯಲಾಗುವುದಿಲ್ಲ; ಅದು ಮರುದಿವಸಕ್ಕೆ ಹಳಸುತ್ತದೆ.